ಮಾಜಿ ಸೈನಿಕರ ಆರೋಗ್ಯ ಸೌಲಭ್ಯ: ಹಕ್ಕು ಮತ್ತು ಕಾಗದಪತ್ರ

ಲೇಖಕರು: ನಿವೃತ್ತ ಮುಖ್ಯಾಧ್ಯಾಪಕರು, ಕುಣಿಕೋಣೂರ

ನಮ್ಮ ಕನ್ನಡ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿರುವುದು ನಮಗೆಲ್ಲರಿಗೂ ಅಭಿಮಾನದ ಸಂಗತಿಯಾಗಿದೆ. ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಇತಿಹಾಸವನ್ನು ಬರೆಯಬಲ್ಲವರು ಬೇರೆ ಅನೇಕರಿರುವುದರಿಂದ, ಊರಿನ ಮನೆಮನೆಗೂ ಉಪಯೋಗವಾಗುವ ಒಂದು ವಿಷಯವನ್ನು ಆರಿಸಿಕೊಳ್ಳುವುದು ಲೇಸೆಂದು ನನಗೆ ತೋರಿತು. ಸೇನೆಯಿಂದ ನಿವೃತ್ತರಾಗಿ ಬಂದವರು ಮತ್ತು ಅವರ ಮನೆಯವರು ಸರ್ಕಾರದ ಆರೋಗ್ಯ ಸೌಲಭ್ಯವನ್ನು ಪಡೆಯುವ ಬಗೆ ಹೇಗೆ ಎಂಬುದೇ ಆ ವಿಷಯ.

ಜತ್ತ ತಾಲೂಕು ಮಳೆಯ ನೆರಳಿನ ನಾಡು. ಹೊಲವನ್ನೇ ನಂಬಿ ಎಲ್ಲ ಮಕ್ಕಳೂ ಬದುಕುವಂತಿಲ್ಲ. ಆದ್ದರಿಂದ ಹಲವು ಮನೆಗಳಿಂದ ಒಬ್ಬ ಮಗನಾದರೂ ಸೈನ್ಯದ ಭರ್ತಿಗೆ ನಿಂತವನೇ. ಬೆಳಗಾವಿಯ ಮರಾಠಾ ಲಘು ಪದಾತಿ ದಳ, ಪುಣೆಯ ಖಡಕಿಯಲ್ಲಿರುವ ಬಾಂಬೆ ಇಂಜಿನಿಯರ್ ಗ್ರೂಪ್, ನಾಸಿಕ ರೋಡಿನ ತೋಪಖಾನೆ ಕೇಂದ್ರ, ಇವುಗಳ ಹೆಸರು ನಮ್ಮ ಕಡೆಯ ಹಿರಿಯರ ಬಾಯಲ್ಲಿ ನೆರೆಯೂರುಗಳ ಹೆಸರಿನಷ್ಟೇ ಸಹಜವಾಗಿ ಬರುತ್ತದೆ. ನನ್ನ ನಿವೃತ್ತಿಯ ನಂತರ, ಮಾಸ್ತರರಿಗೆ ಅರ್ಜಿ ಬರೆಯಲು ಬರುತ್ತದೆ ಎಂಬ ನಂಬಿಕೆಯಿಂದ ಅನೇಕ ಮಾಜಿ ಸೈನಿಕರೂ ಅವರ ಪತ್ನಿಯರೂ ಕಾಗದಗಳ ಗಂಟನ್ನು ಹಿಡಿದು ನನ್ನ ಮನೆಗೆ ಬರತೊಡಗಿದರು. ಆ ಗಂಟುಗಳನ್ನು ಬಿಚ್ಚಿ ನೋಡಿದ ಅನುಭವದಿಂದ ಒಂದು ಮಾತು ನನಗೆ ಖಚಿತವಾಗಿದೆ. ಸೌಲಭ್ಯದ ಹಕ್ಕನ್ನು ಸೈನಿಕನು ತನ್ನ ಸೇವೆಯಿಂದ ಗಳಿಸುತ್ತಾನೆ; ಆದರೆ ಅದು ಮನೆಯವರ ಕೈಗೆ ತಲುಪುವುದು ಕಾಗದದ ಮೂಲಕ. ಆ ಕಾಗದಗಳು ಒಂದಕ್ಕೊಂದು ತಾಳೆಯಾಗುವಂತೆ ಮಾಡುವ ಕೆಲಸ ಸೈನಿಕನು ಬದುಕಿರುವಾಗ ಸುಲಭ. ಆತನ ಕಾಲಾನಂತರ ಬಲು ಕಠಿಣ.

ಯೋಜನೆ ಹುಟ್ಟಿದ ಬಗೆ

ಜವಾನನೊಬ್ಬನು ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಭರ್ತಿಯಾಗುತ್ತಾನೆ. ಹದಿನೈದು ವರ್ಷಗಳ ಸೇವೆಗೆ ಪಿಂಚಣಿಯ ಅರ್ಹತೆ ದೊರೆಯುತ್ತದೆ. ನಲವತ್ತರ ಒಳಗೆ ಅಥವಾ ಅದರ ಆಸುಪಾಸಿನಲ್ಲಿ ಮನೆಗೆ ಮರಳುತ್ತಾನೆ. ಸೇವೆಯಲ್ಲಿರುವಾಗ ಆತನಿಗೂ ಹೆಂಡತಿ ಮಕ್ಕಳಿಗೂ ಸೈನಿಕ ಆಸ್ಪತ್ರೆಯಿರುತ್ತದೆ. ಆದರೆ ಆ ವಯಸ್ಸಿನಲ್ಲಿ ಕಾಯಿಲೆಗಳೇ ಕಡಿಮೆ. ಮಧುಮೇಹ, ರಕ್ತದೊತ್ತಡ, ಹೃದಯರೋಗ, ಕಣ್ಣಿನ ಪೊರೆ, ಮೊಣಕಾಲು ನೋವು ಇವೆಲ್ಲ ಬರುವುದು ಊರಿಗೆ ಮರಳಿ ಇಪ್ಪತ್ತು ವರ್ಷಗಳಾದ ಮೇಲೆ. ಹಿಂದೆ ಇಂಥವರಿಗೆ ಸೈನಿಕ ಆಸ್ಪತ್ರೆಗಳಲ್ಲಿ ಸೀಮಿತವಾದ ಚಿಕಿತ್ಸೆ ಮಾತ್ರ ಸಿಗುತ್ತಿತ್ತು. ಆ ಆಸ್ಪತ್ರೆಗಳಾದರೂ ಬೆಳಗಾವಿ, ಪುಣೆಯಂಥ ಛಾವಣಿಗಳಲ್ಲಿ. ನಮ್ಮ ಹಳ್ಳಿಗಳಿಂದ ಬಹುದೂರ.

ಈ ಕೊರತೆಯನ್ನು ನೀಗಿಸಲೆಂದು ಕೇಂದ್ರ ಸರ್ಕಾರದ ರಕ್ಷಣಾ ಮಂತ್ರಾಲಯವು 2003ರ ಏಪ್ರಿಲ್ 1ರಿಂದ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆಯನ್ನು ಜಾರಿಗೆ ತಂದಿತು. ಜನರು ಇದನ್ನು ಇ.ಸಿ.ಎಚ್.ಎಸ್. ಎಂಬ ಮೊದಲಕ್ಷರಗಳಿಂದಲೇ ಗುರುತಿಸುತ್ತಾರೆ. ಕೇಂದ್ರ ಸರ್ಕಾರದ ನಾಗರಿಕ ನೌಕರರಿಗಾಗಿ ಮೊದಲೇ ಇದ್ದ ಆರೋಗ್ಯ ಯೋಜನೆಯ ಮಾದರಿಯಲ್ಲಿ ಇದನ್ನು ರೂಪಿಸಲಾಗಿದೆ. ಇದರ ಹುರುಳು ಮೂರು ಅಂಶಗಳಲ್ಲಿದೆ. ಮೊದಲನೆಯದಾಗಿ, ಸದಸ್ಯತ್ವದ ವಂತಿಗೆಯನ್ನು ಜೀವನದಲ್ಲಿ ಒಂದೇ ಸಲ ಕೊಡಬೇಕು. ಎರಡನೆಯದಾಗಿ, ಸೇರಲು ವಯಸ್ಸಿನ ಮಿತಿಯಿಲ್ಲ. ಮೊದಲೇ ಇದ್ದ ಕಾಯಿಲೆಗೆ ಚಿಕಿತ್ಸೆಯಿಲ್ಲವೆಂಬ ನಿರ್ಬಂಧವೂ ಇಲ್ಲ. ಮೂರನೆಯದಾಗಿ, ಇಷ್ಟೇ ರೂಪಾಯಿಯ ಚಿಕಿತ್ಸೆ ಎಂಬ ಮೇಲ್ಮಿತಿಯಿಲ್ಲ. ಖಾಸಗಿ ವಿಮೆಯ ಕರಾರುಗಳನ್ನು ಓದಿದವರಿಗೆ ಈ ಮೂರರ ಬೆಲೆ ತಾನಾಗಿಯೇ ತಿಳಿಯುತ್ತದೆ.

ಯಾರು ಅರ್ಹರು?

ಮಾಜಿ ಸೈನಿಕನೆಂಬ ಸ್ಥಾನವಿದ್ದು ಪಿಂಚಣಿಯನ್ನು ಪಡೆಯುತ್ತಿರುವವರು ಅರ್ಹರು. ಅಂಗವೈಕಲ್ಯದ ಪಿಂಚಣಿ ಪಡೆಯುವವರೂ, ಸೈನಿಕನ ಮರಣದ ನಂತರ ಕುಟುಂಬ ಪಿಂಚಣಿ ಪಡೆಯುವ ಪತ್ನಿಯೂ ಇದರಲ್ಲಿ ಸೇರುತ್ತಾರೆ. ಎರಡನೆಯ ಮಹಾಯುದ್ಧದ ಸೈನಿಕರು, ಅಲ್ಪಾವಧಿ ಸೇವೆಯ ಅಧಿಕಾರಿಗಳು ಮೊದಲಾಗಿ ಹೊರಗುಳಿದಿದ್ದ ಕೆಲವು ವರ್ಗಗಳಿಗೆ 2019ರ ಮಾರ್ಚಿನಲ್ಲಿ ಬಾಗಿಲು ತೆರೆಯಲಾಯಿತು.

ಕುಟುಂಬದವರಲ್ಲಿ ಯಾರು ಯಾರು ಎಂಬ ವಿಷಯದಲ್ಲಿ ನಮ್ಮವರಿಗೆ ಬಹಳ ತಪ್ಪು ತಿಳಿವಳಿಕೆಯಿದೆ. ಪತ್ನಿಯ ಹಕ್ಕಿನ ಬಗ್ಗೆ ಯಾರಿಗೂ ಸಂದೇಹವಿಲ್ಲ. ಅವಲಂಬಿತ ಮಗನು ಇಪ್ಪತ್ತೈದು ವರ್ಷ ತುಂಬುವವರೆಗೆ, ಇಲ್ಲವೆ ಮದುವೆಯಾಗುವವರೆಗೆ, ಇಲ್ಲವೆ ಸಂಪಾದನೆಗೆ ತೊಡಗುವವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಅರ್ಹನು. ಮಗಳಿಗೆ ಈ ವಯಸ್ಸಿನ ಮಿತಿಯಿಲ್ಲ. ಮದುವೆಯಾಗದೆ ತಂದೆಯನ್ನು ಅವಲಂಬಿಸಿದವಳೂ, ಗಂಡನನ್ನು ಕಳೆದುಕೊಂಡು ಅಥವಾ ವಿಚ್ಛೇದನ ಹೊಂದಿ ತವರಿಗೆ ಮರಳಿದ ಅವಲಂಬಿತ ಮಗಳೂ ಅರ್ಹಳು. ಶಾಶ್ವತ ಅಂಗವೈಕಲ್ಯವುಳ್ಳ ಅವಲಂಬಿತ ಮಗನಿಗೆ ಇಪ್ಪತ್ತೈದರ ನಂತರವೂ ಸೌಲಭ್ಯ ಮುಂದುವರಿಯುತ್ತದೆ. ಅದಕ್ಕೆ ಸಂಬಂಧಿಸಿದ ವೈದ್ಯಕೀಯ ಪ್ರಮಾಣಪತ್ರ ಬೇಕು. ಸೈನಿಕನ ಜೊತೆಯಲ್ಲಿರುವ ಅವಲಂಬಿತ ತಂದೆತಾಯಿಗಳೂ ಸೇರುತ್ತಾರೆ. ಅವರ ಆದಾಯವು ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ತೆಯ ಮೊತ್ತಕ್ಕಿಂತ ಕಡಿಮೆಯಿರಬೇಕು. ವಿಧವೆಯಾಗಿ ಮರಳಿದ ಮಗಳ ಹೆಸರನ್ನೂ ಅಂಗವಿಕಲ ಮಗನ ಹೆಸರನ್ನೂ ಬರೆಸದೆ ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಹೆಚ್ಚು ಅಗತ್ಯವಿರುವವರೇ ಪಟ್ಟಿಯಿಂದ ಹೊರಗುಳಿಯುವುದು ಖೇದಕರ.

2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ಭರ್ತಿಯಾದ ತರುಣರು ಒಂದು ವಿಷಯವನ್ನು ಗಮನದಲ್ಲಿಡಬೇಕು. ಆ ವರ್ಷ ಪ್ರಕಟವಾದ ಷರತ್ತುಗಳಂತೆ, ನಾಲ್ಕು ವರ್ಷ ಮುಗಿಸಿ ಹೊರಬರುವ ಅಗ್ನಿವೀರರಿಗೆ ಮಾಜಿ ಸೈನಿಕರ ಸ್ಥಾನವಾಗಲಿ ಈ ಆರೋಗ್ಯ ಯೋಜನೆಯಾಗಲಿ ದೊರೆಯುವುದಿಲ್ಲ. ಖಾಯಂ ಸೇವೆಗೆ ಆಯ್ಕೆಯಾದವರ ಮಾತು ಬೇರೆ.

ವಂತಿಗೆ ಎಷ್ಟು?

2017ರ ಡಿಸೆಂಬರದಲ್ಲಿ ಹೊರಟ ಆದೇಶದಂತೆ ಸಿಪಾಯಿಯಿಂದ ಹವಾಲ್ದಾರರವರೆಗೆ 30,000 ರೂಪಾಯಿ, ನಾಯಬ ಸುಭೇದಾರರಿಂದ ಸುಭೇದಾರ ಮೇಜರರವರೆಗೆ 67,000 ರೂಪಾಯಿ, ಅಧಿಕಾರಿಗಳಿಗೆ 1,20,000 ರೂಪಾಯಿ ಎಂದು ನಿಗದಿಯಾಯಿತು. 2003ರ ಏಪ್ರಿಲ್ ನಂತರ ನಿವೃತ್ತರಾದವರಿಗೆ ಸದಸ್ಯತ್ವ ಕಡ್ಡಾಯ. ನಿವೃತ್ತಿಯ ಹಣದಿಂದಲೇ ವಂತಿಗೆಯನ್ನು ಮುರಿದುಕೊಳ್ಳುತ್ತಾರೆ. 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದವರು, ಯುದ್ಧದಲ್ಲಿ ಮಡಿದವರ ಪತ್ನಿಯರು ಮತ್ತು ಯುದ್ಧದಲ್ಲಿ ಅಂಗವಿಕಲರಾದವರು ವಂತಿಗೆಯನ್ನು ಕೊಡಬೇಕಾಗಿಲ್ಲ. 1965 ಮತ್ತು 1971ರ ಯುದ್ಧಕಾಲದಲ್ಲಿ ಸೇವೆಯಲ್ಲಿದ್ದ ಹಿರಿಯರಲ್ಲಿ ಬಹುಮಂದಿ ಈ ವಿನಾಯಿತಿಯೊಳಗೆ ಬರುತ್ತಾರೆ. ಹಣ ಕಟ್ಟಬೇಕಾದೀತೆಂಬ ಅಂಜಿಕೆಯಿಂದ ಅವರು ದೂರ ಉಳಿಯುವ ಕಾರಣವೇ ಇಲ್ಲ.

ಯೋಜನೆಗೆ ಸೇರದ ಹಳೆಯ ಪಿಂಚಣಿದಾರರಿಗೆ ತಿಂಗಳಿಗೆ 1,000 ರೂಪಾಯಿಯ ನಿಗದಿತ ವೈದ್ಯಕೀಯ ಭತ್ತೆ ದೊರೆಯುತ್ತದೆ. ಸೇರಿದ ಮೇಲೆ ಅದು ನಿಲ್ಲುತ್ತದೆ. ಈ ಸಾವಿರ ರೂಪಾಯಿ ಹೋಗುತ್ತದೆಂದು ಹಿಂಜರಿಯುವವರುಂಟು. ಲೆಕ್ಕವನ್ನು ಹಾಕಿ ನೋಡೋಣ. ವರ್ಷಕ್ಕೆ ಹನ್ನೆರಡು ಸಾವಿರ, ಹತ್ತು ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ಹೃದಯದ ಒಂದೇ ಶಸ್ತ್ರಚಿಕಿತ್ಸೆಗೆ ಇಷ್ಟು ಹಣ ಸಾಲದು.

ಅರ್ಜಿ ಸಲ್ಲಿಸುವ ಕ್ರಮ

ಈಗ ಅರ್ಜಿಯನ್ನು ಗಣಕಯಂತ್ರದ ಮೂಲಕ ಯೋಜನೆಯ ಅಧಿಕೃತ ಜಾಲತಾಣದಲ್ಲಿ ತುಂಬಬೇಕು. ಅದಕ್ಕೆ ಬೇಕಾದ ಮುಖ್ಯ ದಾಖಲೆಗಳು ಇವು: ಸೇವೆಯಿಂದ ಬಿಡುಗಡೆಯಾದ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಮಂಜೂರಾತಿ ಆದೇಶ, ಅಂದರೆ ಪಿ.ಪಿ.ಓ.; ವಂತಿಗೆ ಕಟ್ಟಿದ್ದರೆ ಅದರ ರಸೀದಿ; ಸದಸ್ಯನ ಮತ್ತು ಪ್ರತಿಯೊಬ್ಬ ಅವಲಂಬಿತರ ಆಧಾರ್ ಚೀಟಿ ಹಾಗೂ ಭಾವಚಿತ್ರ; ಮಕ್ಕಳ ಜನ್ಮದಿನಾಂಕದ ಆಧಾರ; ರಕ್ತದ ಗುಂಪಿನ ವಿವರ. ಅರ್ಜಿಯ ಪರಿಶೀಲನೆಯಾದ ಮೇಲೆ ತಾತ್ಕಾಲಿಕ ಚೀಟಿಯೊಂದು ದೊರೆಯುತ್ತದೆ. ಸ್ಮಾರ್ಟ್ ಕಾರ್ಡ್ ಕೈಸೇರುವವರೆಗೆ ಅದನ್ನೇ ತೋರಿಸಿ ಚಿಕಿತ್ಸೆ ಪಡೆಯಬಹುದು. ಕಾರ್ಡು ಮನೆಗೆ ಒಂದಲ್ಲ. ಪ್ರತಿಯೊಬ್ಬ ಫಲಾನುಭವಿಗೂ ಒಂದೊಂದು.

ಅರ್ಜಿಯಲ್ಲಿ ತಮಗೆ ಅನುಕೂಲವಾದ ಪಾಲಿಕ್ಲಿನಿಕ್ಕನ್ನು ಸೂಚಿಸಬೇಕಾಗುತ್ತದೆ. ಪಾಲಿಕ್ಲಿನಿಕ್ ಎಂದರೆ ಈ ಯೋಜನೆಯ ಸ್ವಂತ ಚಿಕಿತ್ಸಾಲಯ. ನಮ್ಮ ಜಿಲ್ಲೆಯದು ಸಾಂಗಲಿಯದು. ಕೊಲ್ಹಾಪುರ, ಬೆಳಗಾವಿ, ವಿಜಯಪುರಗಳಲ್ಲಿಯೂ ಪಾಲಿಕ್ಲಿನಿಕ್‌ಗಳಿವೆ. ಯೋಜನೆಯು ಕೇಂದ್ರ ಸರ್ಕಾರದ್ದಾದ್ದರಿಂದ ರಾಜ್ಯದ ಗಡಿ ಇದಕ್ಕೆ ಅಡ್ಡಿಯಾಗುವುದಿಲ್ಲ. ಉಮದಿ, ಸಂಖ ಕಡೆಯ ಹಳ್ಳಿಗಳವರಿಗೆ ಸಾಂಗಲಿಗಿಂತ ವಿಜಯಪುರವೇ ಹತ್ತಿರ. ಅಲ್ಲಿನ ವೈದ್ಯರೊಡನೆ ಕನ್ನಡದಲ್ಲಿಯೇ ನೋವನ್ನು ಹೇಳಿಕೊಳ್ಳಲೂಬಹುದು. ವೃದ್ಧರಿಗೆ ಇದು ಸಣ್ಣ ಅನುಕೂಲವಲ್ಲ.

ಚಿಕಿತ್ಸೆಯ ದಾರಿ

ಸಾಮಾನ್ಯ ಕಾಯಿಲೆಗೆ ಮೊದಲು ಪಾಲಿಕ್ಲಿನಿಕ್ಕಿಗೆ ಹೋಗಬೇಕು. ಅಲ್ಲಿಯ ವೈದ್ಯಾಧಿಕಾರಿಗಳು ಪರೀಕ್ಷಿಸಿ ಔಷಧ ಕೊಡುತ್ತಾರೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಸೈನಿಕ ಆಸ್ಪತ್ರೆಗೆ ಅಥವಾ ಯೋಜನೆಯೊಡನೆ ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆಗೆ ಶಿಫಾರಸು ಪತ್ರ ಕೊಡುತ್ತಾರೆ. ಆ ಪತ್ರದೊಡನೆ ಹೋದವರು ಒಪ್ಪಂದದ ಆಸ್ಪತ್ರೆಯಲ್ಲಿ ಹಣ ಕಟ್ಟಬೇಕಾಗಿಲ್ಲ. ಆಸ್ಪತ್ರೆಯೇ ತನ್ನ ಬಿಲ್ಲನ್ನು ಯೋಜನೆಗೆ ಕಳಿಸುತ್ತದೆ. ಒಪ್ಪಂದದ ಆಸ್ಪತ್ರೆಗಳ ಪಟ್ಟಿ ಕಾಲಕಾಲಕ್ಕೆ ಬದಲಾಗುವುದರಿಂದ, ಮಿರಜಿಗೆ ಹೋಗುವ ಮೊದಲು ಪಾಲಿಕ್ಲಿನಿಕ್ಕಿನಲ್ಲಿ ವಿಚಾರಿಸುವುದು ಒಳ್ಳೆಯದು. ಮಿರಜು ಹೆಸರಾಂತ ವೈದ್ಯಕೀಯ ನಗರವಾಗಿದ್ದರೂ ಅಲ್ಲಿನ ಪ್ರತಿಯೊಂದು ಆಸ್ಪತ್ರೆಯೂ ಪಟ್ಟಿಯಲ್ಲಿ ಇರಲಾರದು.

ತುರ್ತು ಪ್ರಸಂಗದಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯಬೇಕಾಗಿಲ್ಲ. ಹೃದಯಾಘಾತ, ಅಪಘಾತ, ಪಾರ್ಶ್ವವಾಯು ಇಂಥ ಸಮಯದಲ್ಲಿ ರೋಗಿಯನ್ನು ನೇರವಾಗಿ ಒಪ್ಪಂದದ ಆಸ್ಪತ್ರೆಗೆ ಒಯ್ದು ಕಾರ್ಡನ್ನು ತೋರಿಸಬೇಕು. ಪಾಲಿಕ್ಲಿನಿಕ್ಕಿಗೆ 48 ತಾಸುಗಳೊಳಗೆ ತಿಳಿಸುವ ಹೊಣೆ ಆ ಆಸ್ಪತ್ರೆಯದು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೇ ಒಯ್ಯಬೇಕಾಗಿ ಬಂದರೆ, ಆ 48 ತಾಸುಗಳೊಳಗೆ ಹತ್ತಿರದ ಪಾಲಿಕ್ಲಿನಿಕ್ಕಿಗೆ ಸುದ್ದಿ ಮುಟ್ಟಿಸುವ ಹೊಣೆ ಮನೆಯವರ ಮೇಲೆ ಬೀಳುತ್ತದೆ. ಅಲ್ಲಿ ಹಣವನ್ನು ತಾವೇ ಕಟ್ಟಿ, ಬಿಲ್ಲುಗಳು, ವೈದ್ಯರ ತುರ್ತು ಪ್ರಮಾಣಪತ್ರ ಮತ್ತು ಬಿಡುಗಡೆಯ ಸಾರಾಂಶದೊಡನೆ ಮರುಪಾವತಿಗೆ ಅರ್ಜಿ ಕೊಡಬೇಕು. ಮರುಪಾವತಿಯು ಸರ್ಕಾರ ನಿಗದಿಪಡಿಸಿದ ದರದಂತೆ ಮಾತ್ರ ಬರುತ್ತದೆ. ಕಟ್ಟಿದ ಹಣವೆಲ್ಲ ಮರಳುತ್ತದೆಂದು ಎಣಿಸಬಾರದು. ಮನೆಯ ಪ್ರತಿಯೊಬ್ಬರಿಗೂ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಈ 48 ತಾಸಿನ ನಿಯಮ ಬಾಯಿಪಾಠವಾಗಿರಬೇಕು.

ಹೆಸರಿನ ತೊಡಕು

ಇಲ್ಲಿಯವರೆಗೆ ಹೇಳಿದ್ದು ಇಡೀ ದೇಶಕ್ಕೆ ಅನ್ವಯಿಸುವ ಮಾತು. ನಮ್ಮಂಥ ಗಡಿನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ನಮ್ಮ ಹೆಸರುಗಳು ಮೂರು ಲಿಪಿಗಳಲ್ಲಿ ಬದುಕುತ್ತವೆ. ಶಾಲೆಯ ರಜಿಸ್ಟರಿನಲ್ಲಿ ಕನ್ನಡ, ಗ್ರಾಮಪಂಚಾಯತಿ ಮತ್ತು ತಲಾಠಿ ಕಚೇರಿಗಳಲ್ಲಿ ಮರಾಠಿ, ಸೈನ್ಯದ ದಾಖಲೆಯಲ್ಲಿ ಇಂಗ್ಲಿಷು. ಕನ್ನಡದ ಕಾಳವ್ವ ಇಂಗ್ಲಿಷಿನಲ್ಲಿ ಕಾಲವ್ವಳಾಗುತ್ತಾಳೆ. ಕಲ್ಲಪ್ಪನಿಗೆ ಒಂದು ಕಡೆ ಎರಡು ‘ಎಲ್’, ಇನ್ನೊಂದು ಕಡೆ ಒಂದೇ ‘ಎಲ್’. ಮನೆಯಲ್ಲಿ ನೀಲವ್ವ ಎಂದು ಕರೆಸಿಕೊಳ್ಳುವವಳನ್ನು ಭರ್ತಿ ಕಚೇರಿಯ ಗುಮಾಸ್ತನು ನೀಲಾಬಾಯಿ ಎಂದು ಬರೆದಿರುತ್ತಾನೆ. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿಯುಳ್ಳ ಮನೆಗಳಲ್ಲಿ ತವರಿನ ಹೆಸರೊಂದು, ಅತ್ತೆಮನೆಯ ಹೆಸರೊಂದು. ಅಡ್ಡಹೆಸರಿನ ಜಾಗದಲ್ಲಿ ಒಮ್ಮೆ ಮನೆತನದ ಹೆಸರು, ಒಮ್ಮೆ ಊರಿನ ಹೆಸರು. ನಮ್ಮ ಕಣ್ಣಿಗೆ ಇವರೆಲ್ಲ ಒಬ್ಬರೇ. ಗಣಕಯಂತ್ರದ ಕಣ್ಣಿಗೆ ಬೇರೆ ಬೇರೆ ವ್ಯಕ್ತಿಗಳು.

ನಮ್ಮ ಭಾಗದ ಒಬ್ಬ ನಿವೃತ್ತ ಸಿಪಾಯಿಯ ಪತ್ನಿಯ ಪ್ರಕರಣವನ್ನು ಇಲ್ಲಿ ಹೇಳುವುದು ಅವಶ್ಯ. ಪತಿಯು ತೀರಿಕೊಂಡಾಗ ಸೇವಾ ದಾಖಲೆಯಲ್ಲಿ ಆಕೆಯ ಹೆಸರು ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ ಇತ್ತು, ಹಳೆಯ ಪಿ.ಪಿ.ಓ.ದಲ್ಲಿ ಪತ್ನಿಯ ಹೆಸರೇ ಇರಲಿಲ್ಲ. ಕುಟುಂಬ ಪಿಂಚಣಿ ಆರಂಭವಾಗದೆ ಕಾರ್ಡು ಇಲ್ಲ. ಹೆಸರು ಹೊಂದದೆ ಪಿಂಚಣಿ ಇಲ್ಲ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಾಗದಗಳು ತಿರುಗುತ್ತಿದ್ದ ಒಂದೂವರೆ ವರ್ಷದ ಅವಧಿಯಲ್ಲಿ ಆಕೆಗೆ ಮೂತ್ರಪಿಂಡದ ಕಾಯಿಲೆ ಬಲಿಯಿತು. ಮನೆಯವರು ಎರಡು ಎಕರೆ ಹೊಲವನ್ನು ಒತ್ತೆಯಿಟ್ಟು ಚಿಕಿತ್ಸೆ ಮಾಡಿಸಿದರು. ಕೊನೆಗೆ ಇಬ್ಬರೂ ಒಬ್ಬಳೇ ಎಂಬುದನ್ನು ಸಿದ್ಧಪಡಿಸಿದ ಕಾಗದಗಳಲ್ಲಿ ಮಗನ ಶಾಲಾ ದಾಖಲೆಯೂ ಒಂದು. ಕನ್ನಡ ಶಾಲೆಯ ಜನರಲ್ ರಜಿಸ್ಟರಿನಲ್ಲಿ ತಂದೆಯ ಹೆಸರಿನ ಜೊತೆಗೆ ತಾಯಿಯ ಹೆಸರೂ ಬರೆದಿದ್ದುದು ಆಕೆಯ ನೆರವಿಗೆ ಬಂದಿತು. ಶಿಕ್ಷಕನು ದಾಖಲಾತಿಯ ದಿನ ಬರೆಯುವ ಒಂದು ಸಾಲು ಮೂವತ್ತು ವರ್ಷಗಳ ಮೇಲೆ ಒಂದು ಜೀವಕ್ಕೆ ಆಧಾರವಾಗಬಹುದೆಂಬುದನ್ನು ಇಂದಿನ ಶಿಕ್ಷಕ ಬಂಧುಗಳು ಗಮನಿಸಬೇಕೆಂದು ಕೋರುತ್ತೇನೆ. ಹಣ ಬಂದಿತು, ಕಾರ್ಡೂ ಬಂದಿತು. ಒತ್ತೆಯ ಹೊಲ ಮಾತ್ರ ಇನ್ನೂ ಬಿಡಿಸಿಕೊಂಡಿಲ್ಲ.

ಸೈನಿಕನು ಬದುಕಿರುವಾಗ ಮಾಡಬೇಕಾದ ಕೆಲಸಗಳು

1. ಡಿಸ್ಚಾರ್ಜ್ ಪುಸ್ತಕ, ಪಿ.ಪಿ.ಓ., ಆಧಾರ್, ಬ್ಯಾಂಕಿನ ಪುಸ್ತಕ ಇವನ್ನು ಒಟ್ಟಿಗೆ ಹರಡಿ, ತನ್ನ, ಪತ್ನಿಯ ಮತ್ತು ಮಕ್ಕಳ ಹೆಸರು ಹಾಗೂ ಜನ್ಮದಿನಾಂಕಗಳನ್ನು ಅಕ್ಷರಶಃ ತಾಳೆ ನೋಡಬೇಕು.

2. ಸೇವಾ ದಾಖಲೆಯಲ್ಲಿ ತಪ್ಪಿದ್ದರೆ ತನ್ನ ದಳದ ರೆಕಾರ್ಡ್ ಆಫೀಸಿಗೆ ತಿದ್ದುಪಡಿಯ ಅರ್ಜಿ ಕೊಡಬೇಕು. ಮರಾಠಾ ದಳದವರದು ಬೆಳಗಾವಿಯಲ್ಲಿ, ತೋಪಖಾನೆಯವರದು ನಾಸಿಕ ರೋಡಿನಲ್ಲಿ, ಬಾಂಬೆ ಇಂಜಿನಿಯರರದು ಖಡಕಿಯಲ್ಲಿದೆ. ಸಾಂಗಲಿಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಿದರೆ ಅರ್ಜಿಯ ರೂಪ ಸರಿಯಾಗಿರುತ್ತದೆ.

3. ಪತ್ನಿಯ ಹೆಸರು ಪಿ.ಪಿ.ಓ.ದಲ್ಲಿ ಇಲ್ಲದಿದ್ದರೆ ಸೇರಿಸುವಂತೆ ರೆಕಾರ್ಡ್ ಆಫೀಸಿಗೇ ಬರೆಯಬೇಕು. ಉಳಿದೆಲ್ಲ ಕೆಲಸಗಳಿಗಿಂತ ಇದು ಮುಖ್ಯ.

4. ರಕ್ಷಣಾ ಪಿಂಚಣಿಯು 2021ರಿಂದ ಸ್ಪರ್ಶ್ ಎಂಬ ಗಣಕ ವ್ಯವಸ್ಥೆಗೆ ಸೇರುತ್ತ ಬಂದಿದೆ. ಅದರಲ್ಲಿ ತನ್ನ ವಿವರಗಳು ಹೇಗಿವೆ ಎಂಬುದನ್ನು ಒಮ್ಮೆ ತೆಗೆಸಿ ನೋಡಬೇಕು; ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರವನ್ನು ತಪ್ಪದೆ ಕೊಡಬೇಕು.

5. ಕನ್ನಡದ ಶಾಲಾ ದಾಖಲೆಯ ಇಂಗ್ಲಿಷ್ ಅನುವಾದವನ್ನು ದೃಢೀಕರಿಸಿ ಮೂಲದ ಜೊತೆಗೇ ಇಟ್ಟುಕೊಳ್ಳಬೇಕು. ಹೆಸರನ್ನು ಆಧಾರ್ ಚೀಟಿಯಲ್ಲಿರುವಂತೆಯೇ ಒಂದೇ ಕಾಗುಣಿತದಲ್ಲಿ ಬರೆಸಬೇಕು.

6. ಕಾಗದಗಳನ್ನು ಎಲ್ಲಿಟ್ಟಿದೆ ಎಂಬುದು ಪತ್ನಿಗೆ ತಿಳಿದಿರಬೇಕು.

ಸೈನಿಕನು ತೀರಿಕೊಂಡ ಮೇಲೆ ಮರಣವನ್ನು 21 ದಿನಗಳೊಳಗೆ ಗ್ರಾಮಪಂಚಾಯತಿಯಲ್ಲಿ ನೋಂದಾಯಿಸಿ ಪ್ರಮಾಣಪತ್ರ ಪಡೆಯಬೇಕು. ಅದನ್ನು ಪಿಂಚಣಿಯ ಕಚೇರಿಗೂ ಪಾಲಿಕ್ಲಿನಿಕ್ಕಿಗೂ ಕೊಡಬೇಕು. ಕುಟುಂಬ ಪಿಂಚಣಿ ಆರಂಭವಾದ ಮೇಲೆ ಪತ್ನಿಯು ಮುಖ್ಯ ಸದಸ್ಯಳಾಗಿ ತನ್ನ ಹೆಸರಿನ ಕಾರ್ಡಿಗೆ ಅರ್ಜಿ ಹಾಕಬೇಕು.

ಪಿಂಚಣಿ ಇಲ್ಲದವರಿಗೆ

ಪಿಂಚಣಿಯ ಅರ್ಹತೆಗೆ ಮೊದಲೇ ಸೇವೆಯಿಂದ ಹೊರಬಂದವರೂ ನಮ್ಮಲ್ಲಿದ್ದಾರೆ. ಅವರಿಗೆ ಈ ಯೋಜನೆ ಇಲ್ಲವಾದರೂ ದಾರಿಗಳು ಮುಚ್ಚಿಲ್ಲ. ಹವಾಲ್ದಾರ ದರ್ಜೆಯವರೆಗಿನ ಪಿಂಚಣಿರಹಿತ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯು ವೈದ್ಯಕೀಯ ಸಹಾಯಧನವನ್ನೂ, ಅರವತ್ತೈದು ದಾಟಿದ ಬಡವರಿಗೆ ಜೀವನ ನಿರ್ವಹಣೆಯ ಸಹಾಯಧನವನ್ನೂ ಕೊಡುತ್ತದೆ. ಇದಕ್ಕೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅರ್ಜಿ ಸಲ್ಲಿಸಬೇಕು. ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆಯೂ ಇದೆ. ಇದಲ್ಲದೆ 2024ರ ಅಕ್ಟೋಬರದಿಂದ ಎಪ್ಪತ್ತು ವರ್ಷ ದಾಟಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ಆಯುಷ್ಮಾನ್ ಭಾರತ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಚಿಕಿತ್ಸೆ ದೊರೆಯುತ್ತದೆ. ಮಾಜಿ ಸೈನಿಕರ ಯೋಜನೆಯಲ್ಲಿ ಈಗಾಗಲೇ ಇರುವವರು ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಮೇಲ್ಮಿತಿಯಿಲ್ಲದ, ದಿನನಿತ್ಯದ ಔಷಧವನ್ನೂ ಕೊಡುವ ಯೋಜನೆಯನ್ನು ಬಿಟ್ಟುಕೊಡುವ ಮೊದಲು ಎರಡು ಸಲ ಯೋಚಿಸಬೇಕೆಂಬುದು ನನ್ನ ಸಲಹೆ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ

ನಮ್ಮ ಶಾಲೆಯಲ್ಲಿ ಕಲಿತ ಅನೇಕರು ಇಂದು ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿದ್ದೀರಿ. ಗಣಕಯಂತ್ರವು ನಿಮಗೆ ಕೈಗೆ ಬಂದ ವಿದ್ಯೆ. ಮೂರು ಲಿಪಿಗಳನ್ನೂ ಓದಬಲ್ಲಿರಿ. ಊರಿಗೆ ಬಂದಾಗ ನಿಮ್ಮ ಓಣಿಯ ಒಬ್ಬ ಮಾಜಿ ಸೈನಿಕರ ಅಥವಾ ಅವರ ವಿಧವೆಯ ಕಾಗದಗಳ ಗಂಟನ್ನು ಬಿಚ್ಚಿ ಒಂದು ಮಧ್ಯಾಹ್ನ ಕುಳಿತು ತಾಳೆ ನೋಡಿರಿ. ತಪ್ಪಿದ್ದರೆ ಅರ್ಜಿ ಬರೆದುಕೊಡಿರಿ. ಇದಕ್ಕೆ ಹಣ ಬೇಕಾಗಿಲ್ಲ, ದೊಡ್ಡ ಸಂಘಟನೆಯೂ ಬೇಕಾಗಿಲ್ಲ. ಒಂದು ಅಕ್ಷರ ಹೆಚ್ಚು ಕಡಿಮೆಯಾದುದರಿಂದ ನಮ್ಮ ಊರಿನ ಯಾವ ತಾಯಿಯೂ ಆಸ್ಪತ್ರೆಯ ಬಾಗಿಲಿನಿಂದ ಮರಳಬಾರದು. ಅಕ್ಷರ ಕಲಿಸಿದ ಶಾಲೆಯ ಸುವರ್ಣ ಮಹೋತ್ಸವದಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಾನು ನಿಮ್ಮಿಂದ ಬೇಡಲಾರೆ.

ಸರ್ವರಿಗೂ ಆಯುರಾರೋಗ್ಯ ಲಭಿಸಲಿ, ಶಾಲೆಯು ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸುತ್ತೇನೆ.